ಗ್ಯಾರೇಜ್‌ನಲ್ಲಿ ವರ್ಕ್‌ಶಾಪ್: ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಸರ್ಕ್ಯೂಟ್?

ಹೊಸ_ಗ್ಯಾರೇಜ್ (ಪ್ರಶ್ನೆ)

ನಮಸ್ಕಾರ. ಮನೆಗೆ ಅಂಟಿಕೊಂಡಿರುವ ಗ್ಯಾರೇಜನ್ನು ಮರಗೆಲಸಕ್ಕೂ ಸಣ್ಣಪುಟ್ಟ ವೆಲ್ಡಿಂಗಿಗೂ ಬಳಸಬೇಕೆಂದಿದ್ದೇನೆ. ಒಳಗಿನ ಅಳತೆ 20 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಮುಂದೆ ರೋಲಿಂಗ್ ಶಟರ್, ಹಿಂದಿನ ಗೋಡೆಯಲ್ಲಿ ಮನೆಯೊಳಗೆ ಹೋಗುವ ಬಾಗಿಲು. ರಾತ್ರಿ ಕಾರು ಅಲ್ಲೇ ನಿಲ್ಲಬೇಕು. ಹಾಗಾಗಿ ದೊಡ್ಡ ಯಂತ್ರಗಳೆಲ್ಲ ಚಕ್ರದ ಮೇಲೆ. ಖಾಯಂ ಇರುವುದು ಎಡಗೋಡೆಯ ಬೆಂಚ್ ಒಂದೇ: 10 ಅಡಿ ಉದ್ದ, 3 ಅಡಿ ಎತ್ತರ. ಗೋಡೆಗೆ ಗಾರೆ ಆಗಿಲ್ಲ, ನೆಲದ ಕಾಂಕ್ರೀಟೂ ಬಾಕಿ ಇದೆ.

ಯಂತ್ರಗಳು: 2 ಎಚ್‌ಪಿ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), 1.5 ಎಚ್‌ಪಿ ಡಸ್ಟ್ ಕಲೆಕ್ಟರ್, 2 ಎಚ್‌ಪಿ ಏರ್ ಕಂಪ್ರೆಸರ್, ಅರ್ಧ ಎಚ್‌ಪಿಯ ಡ್ರಿಲ್ ಪ್ರೆಸ್, ಬೆಂಚ್ ಗ್ರೈಂಡರ್, 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಷಿನ್. ಇದಲ್ಲದೆ ರೂಟರ್ (ಮರದಲ್ಲಿ ಗಾಡಿ, ಅಂಚು ಕೊರೆಯುವ ಯಂತ್ರ), ಸ್ಯಾಂಡರ್, ಆ್ಯಂಗಲ್ ಗ್ರೈಂಡರ್, ವ್ಯಾಕ್ಯೂಮ್, ಬ್ಯಾಟರಿ ಚಾರ್ಜರ್‌ಗಳು. ಸಿಂಗಲ್ ಫೇಸ್, 230 ವೋಲ್ಟ್. ಮನೆಯ ಮುಖ್ಯ ಬೋರ್ಡಿನಿಂದ ಗ್ಯಾರೇಜಿಗೆ ವೈರ್ ಓಡುವ ದೂರ 18 ಮೀಟರ್.

ಈಗ ಹಾಕಿರುವ ಲೆಕ್ಕ: ನಾಲ್ಕು ಮೂಲೆಗೆ ನಾಲ್ಕು ಬೋರ್ಡ್, ನೆಲದಿಂದ ಒಂದಡಿ ಮೇಲೆ. ಒಂದೊಂದರಲ್ಲಿ ಒಂದು 16 ಆಂಪ್, ಎರಡು 6 ಆಂಪ್ ಸಾಕೆಟ್. ಎಲ್ಲಕ್ಕೂ ಸೇರಿ ಒಂದೇ 2.5 ಸ್ಕ್ವೇರ್ (ಚದರ ಮಿಲಿಮೀಟರ್) ವೈರ್, 20 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಟೇಬಲ್ ಸಾ ಮಧ್ಯದಲ್ಲಿ ನಿಲ್ಲುವುದರಿಂದ ಅದಕ್ಕೆ ನೆಲದಲ್ಲೇ ಒಂದು ಸಾಕೆಟ್.

ಎಷ್ಟು ಪಾಯಿಂಟ್ ಬೇಕು, ಎತ್ತರ ಸರಿಯೇ, ಸರ್ಕ್ಯೂಟ್ ಹೇಗೆ ಹಂಚಬೇಕು? ಗಾರೆ ಆಗುವ ಮೊದಲು ತೀರ್ಮಾನ ಮಾಡಬೇಕು.

---

ಮೋಟಾರು_ಲೆಕ್ಕ

ಪಾಯಿಂಟ್ ಎಣಿಸುವುದನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಯಾವ ಯಾವ ಯಂತ್ರ ಒಂದೇ ಹೊತ್ತಿಗೆ ಓಡುತ್ತದೆ ಎಂದು ಬರೆದುಕೊಳ್ಳಿ. ಸರ್ಕ್ಯೂಟ್ ಹಂಚಿಕೆ ಹುಟ್ಟುವುದು ಅಲ್ಲಿಂದ. ಸಾಕೆಟ್ ಹತ್ತಿರಲಿ, ಇಪ್ಪತ್ತಿರಲಿ, ಒಂದು ಸಲಕ್ಕೆ ಒಬ್ಬರ ಕೈಯಲ್ಲಿ ಒಂದೇ ಉಪಕರಣ ಇರುತ್ತದೆ. ಆದರೆ ಅದರ ಜೊತೆಗೆ ಹುಡಿ ಎಳೆಯುವ ಯಂತ್ರ ಓಡುತ್ತಿರುತ್ತದೆ, ಕಂಪ್ರೆಸರ್ ತನಗೆ ಬೇಕಾದಾಗ ತಾನೇ ಶುರುವಾಗುತ್ತದೆ.

ಒಂದು ಎಚ್‌ಪಿ ಎಂದರೆ 746 ವ್ಯಾಟ್, ಅದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಸಿಂಗಲ್ ಫೇಸ್ ಮೋಟಾರಿನ ದಕ್ಷತೆ ಸುಮಾರು 75 ಶೇಕಡಾ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಸುಮಾರು 0.8 ಎಂದು ಹಿಡಿದರೆ 2 ಎಚ್‌ಪಿಗೆ 11 ಆಂಪ್, 1.5 ಎಚ್‌ಪಿಗೆ 8 ಆಂಪ್, ಅರ್ಧ ಎಚ್‌ಪಿಗೆ 3 ಆಂಪ್ ಹತ್ತಿರ ಬರುತ್ತದೆ. ಮೋಟಾರಿನ ನೇಮ್ ಪ್ಲೇಟಿನಲ್ಲಿ ಆಂಪ್ ಬರೆದಿದ್ದರೆ ಅದನ್ನೇ ನಂಬಿ.

ಟೇಬಲ್ ಸಾ 11, ಡಸ್ಟ್ ಕಲೆಕ್ಟರ್ 8, ಮಧ್ಯೆ ಕಂಪ್ರೆಸರ್ ಎದ್ದರೆ ಇನ್ನೊಂದು 11, ದೀಪ ಫ್ಯಾನ್ ಸೇರಿ 31-32 ಆಂಪ್. ನಿಮ್ಮ ಒಂದೇ 20 ಆಂಪ್ ಎಂಸಿಬಿ ಇದನ್ನು ಹೊರಲಾರದು. ಮರ ಬ್ಲೇಡಿನೊಳಗೆ ಅರ್ಧ ಹೋಗಿರುವಾಗ ಕರೆಂಟ್ ಹೋಗುತ್ತದೆ. ದೀಪವೂ ಅದೇ ಲೈನಿನಲ್ಲಿದ್ದರೆ ಬ್ಲೇಡ್ ಇನ್ನೂ ತಿರುಗುತ್ತಿರುವಾಗಲೇ ಕತ್ತಲಾಗುತ್ತದೆ.

ಎರಡನೆಯದು, ಸ್ಟಾರ್ಟಿಂಗ್ ಕರೆಂಟ್. ಇಂಡಕ್ಷನ್ ಮೋಟಾರ್ ಏಳುವಾಗ ಓಡುವ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. 2 ಎಚ್‌ಪಿಗೆ ಆರು ಪಟ್ಟು ಹಿಡಿದರೆ 66 ಆಂಪ್. ಎಂಸಿಬಿಯ ಅಕ್ಷರ ಇಲ್ಲಿ ಮುಖ್ಯ. ಬಿ ಕರ್ವ್ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೆ ತಟ್ಟನೆ ಬೀಳುತ್ತದೆ. ಬಿ16 ಆದರೆ 48ರಿಂದ 80 ಆಂಪ್, ಅಂದರೆ 66 ಆಂಪ್ ಅದರ ಹೊಸ್ತಿಲಲ್ಲೇ ಇದೆ. ಒಂದು ದಿನ ನಿಲ್ಲುತ್ತದೆ, ಇನ್ನೊಂದು ದಿನ ಬೀಳುತ್ತದೆ. ಸಿ ಕರ್ವ್ 5ರಿಂದ 10 ಪಟ್ಟು. ಸಿ16ಕ್ಕೆ 80ರಿಂದ 160 ಆಂಪ್, ಮೋಟಾರ್ ನೆಮ್ಮದಿಯಾಗಿ ಏಳುತ್ತದೆ. ಬಿ ಬೀಳುತ್ತಿದೆ ಎಂದು 16ರ ಬದಲು 25 ಹಾಕುವವರಿದ್ದಾರೆ. ಅದು ತಪ್ಪು, ಆಗ ವೈರಿಗೂ ಸಾಕೆಟ್ಟಿಗೂ ರಕ್ಷಣೆ ಇಲ್ಲ. ಕರ್ವ್ ಬದಲಿಸಿ, ಆಂಪ್ ಏರಿಸಬೇಡಿ.

ಸಿ ಕರ್ವಿಗೆ ಒಂದು ಷರತ್ತು ಇದೆ: ಫೇಸ್ ಹೋಗಿ ಅರ್ಥಿಗೆ ತಗುಲಿದಾಗ 160 ಆಂಪ್ ಹರಿಯುವಷ್ಟು ಅರ್ಥಿಂಗ್ ಚೆನ್ನಾಗಿರಬೇಕು. 230 ಭಾಗಿಸು 160, ಅಂದರೆ ಇಡೀ ಲೂಪಿನ (ಫೇಸಿನಲ್ಲಿ ಹೋಗಿ ಅರ್ಥಿನಲ್ಲಿ ಮರಳುವ ದಾರಿಯ) ತಡೆ 1.4 ಓಮ್‌ಗಿಂತ ಕಡಿಮೆ. ಎಲೆಕ್ಟ್ರಿಷಿಯನ್ ಬಳಿ ಲೂಪ್ ಇಂಪೀಡೆನ್ಸ್ ಮೀಟರ್ ಇದ್ದರೆ ಬೆಂಚಿನ ಕಟ್ಟಕಡೆಯ ಸಾಕೆಟ್ಟಿನಲ್ಲಿ ಅಳೆಸಿ.

ಮೂರನೆಯದು ವೋಲ್ಟೇಜ್ ಇಳಿತ. ಹೋಗಿ ಬರುವ ಎರಡೂ ತಂತಿ ಸೇರಿಸಿ, ಒಂದು ಮೀಟರಿಗೆ ಒಂದು ಆಂಪ್ ಹರಿದರೆ ಆಗುವ ಇಳಿತ, ಮಿಲಿವೋಲ್ಟಿನಲ್ಲಿ: 1 ಸ್ಕ್ವೇರ್ 44, 1.5ಕ್ಕೆ 29, 2.5ಕ್ಕೆ 18, 4ಕ್ಕೆ 11, 6ಕ್ಕೆ 7.3, 10ಕ್ಕೆ 4.4. ಇದು ತಾಮ್ರದ ವೈರಿಗೆ.

ಸಾ ಏಳುವ 66 ಆಂಪಿನ ಜೊತೆ ಬೇರೆ ಯಂತ್ರಗಳ 20 ಆಂಪ್ ಓಡುತ್ತಿದೆ ಎನ್ನಿ. ಮುಖ್ಯ ಬೋರ್ಡಿನಿಂದ 18 ಮೀಟರ್ 6 ಸ್ಕ್ವೇರ್ ಆದರೆ 11 ವೋಲ್ಟ್ ಇಳಿಯುತ್ತದೆ, 10 ಸ್ಕ್ವೇರ್ ಆದರೆ 7 ವೋಲ್ಟ್. ಗ್ಯಾರೇಜಿನೊಳಗೆ 8 ಮೀಟರ್ 2.5 ಸ್ಕ್ವೇರ್‌ಗೆ ಇನ್ನೊಂದು 9.5 ವೋಲ್ಟ್. ಇಷ್ಟು ಸಹಿಸಬಹುದು. ಇದರ ಮೇಲೆ 15 ಮೀಟರಿನ 1 ಸ್ಕ್ವೇರ್ ಎಕ್ಸ್‌ಟೆನ್ಷನ್ ಹಾಕಿದರೆ ಅದೊಂದೇ 43 ವೋಲ್ಟ್ ತಿನ್ನುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 165 ಇದ್ದರೆ ಉಳಿಯುವ ಬಲ ಅರ್ಧ. ಮೋಟಾರ್ ಗುಂಯ್ ಎನ್ನುತ್ತಾ ಏಳಲು ತಿಣುಕುತ್ತದೆ, ಸ್ಟಾರ್ಟಿಂಗ್ ಕೆಪಾಸಿಟರ್ ಅಷ್ಟು ಹೊತ್ತೂ ಲೈನಿನಲ್ಲಿದ್ದು ಸುಡುತ್ತದೆ. ಗೋಡೆಯಲ್ಲಿ ಪಾಯಿಂಟ್ ಧಾರಾಳವಾಗಿ ಕೊಡಿ ಎನ್ನುವುದಕ್ಕೆ ನಿಜವಾದ ಕಾರಣ ಇದು, ಎಕ್ಸ್‌ಟೆನ್ಷನ್ನಿನ ಅಗತ್ಯವೇ ಬೀಳಬಾರದು.

ನನ್ನ ಹಂಚಿಕೆ:

1. ದೀಪ, ಫ್ಯಾನ್: 1.5 ಸ್ಕ್ವೇರ್, 6 ಆಂಪ್.
2. ಬೆಂಚ್ ಎ (ಬೆಂಚಿನ ಸಾಕೆಟ್ಟುಗಳಲ್ಲಿ ಅರ್ಧ): 2.5 ಸ್ಕ್ವೇರ್, ಸಿ16.
3. ಬೆಂಚ್ ಬಿ (ಉಳಿದರ್ಧ): ಅದೇ.
4. ಟೇಬಲ್ ಸಾ: 4 ಸ್ಕ್ವೇರ್, ಸಿ16.
5. ಡಸ್ಟ್ ಕಲೆಕ್ಟರ್: 2.5 ಸ್ಕ್ವೇರ್, ಸಿ16.
6. ಕಂಪ್ರೆಸರ್: 4 ಸ್ಕ್ವೇರ್, ಸಿ16.
7. ವೆಲ್ಡಿಂಗ್: 6 ಸ್ಕ್ವೇರ್, ಸಿ32.
8. ಚಾರ್ಜರ್, ಶಟರ್ ಮೋಟಾರ್: 2.5 ಸ್ಕ್ವೇರ್, 10 ಆಂಪ್.

ಸಾ ಮತ್ತು ಕಂಪ್ರೆಸರಿಗೆ 4 ಸ್ಕ್ವೇರ್ ಹೇಳಿದ್ದು ಇಳಿತ ಕಡಿಮೆ ಮಾಡಲು ಮಾತ್ರ. ವೈರ್ ದಪ್ಪ ಇದೆ ಎಂದು ಎಂಸಿಬಿ 25ಕ್ಕೆ ಏರಿಸಬೇಡಿ. ತುದಿಯಲ್ಲಿರುವ ಸಾಕೆಟ್ 16 ಆಂಪಿನದು, ಎಂಸಿಬಿ ಅದನ್ನು ಮೀರಬಾರದು.

ಗ್ಯಾರೇಜಿಗೆ ಬರುವ ಮುಖ್ಯ ವೈರ್ 10 ಸ್ಕ್ವೇರ್, 40 ಆಂಪ್. 6 ಸ್ಕ್ವೇರ್ ಎಳೆದರೆ 32 ಆಂಪಿಗೆ ನಿಲ್ಲಿಸಿ, ಪೈಪಿನೊಳಗೆ ಸೆಖೆಯಲ್ಲಿ 40 ಆಂಪ್ ಹೊರುವ ತಾಕತ್ತು ಅದಕ್ಕಿಲ್ಲ. ಇದೆಲ್ಲಕ್ಕಿಂತ ಮುಂಚೆ ಮನೆಯ ಮೇನ್ ಸ್ವಿಚ್ ಮತ್ತು ಮಂಜೂರಾದ ಲೋಡ್ ಇಷ್ಟಕ್ಕೆ ಸಾಲುತ್ತದೆಯೇ ನೋಡಿ. ಸಾಲದಿದ್ದರೆ ಲೋಡ್ ಹೆಚ್ಚಿಸಿಕೊಂಡೇ ಮುಂದುವರಿಯಬೇಕು.

---

ಮರಗೆಲಸ_ಮೇಜು

ಸರ್ಕ್ಯೂಟ್ ವಿಚಾರ ಮೇಲಿನವರು ಹೇಳಿದ್ದಾರೆ, ನಾನು ಜಾಗದ ಬಗ್ಗೆ ಹೇಳ್ತೀನಿ.

ಒಂದಡಿ ಎತ್ತರ ಬೇಡ. ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತೆ. ಪ್ಲಗ್ ಎಳೆದಾಗ ಬರುವ ಕಿಡಿ ಅಲ್ಲಿ ಇರಬಾರದು. ನೆಲದಿಂದ 45 ಸೆಂಟಿಮೀಟರ್ ಒಳಗೆ, ಅಂದರೆ ಒಂದೂವರೆ ಅಡಿ ಒಳಗೆ, ಯಾವ ಸಾಕೆಟ್ಟೂ ಬೇಡ. ನೆಲ ತೊಳೆಯುವ ನೀರು, ಮೂಲೆಯಲ್ಲಿ ಗುಡ್ಡೆಯಾಗುವ ಮರದ ಹೊಟ್ಟು, ಇವೂ ಅಲ್ಲೇ ಇರೋದು.

ಮೂರಡಿಯೂ ಬೇಡ, ಅದು ಬೆಂಚಿನ ಹಲಗೆಯ ಮಟ್ಟ. ನಾಲ್ಕಡಿಯೂ ಸಾಲದು. ಪ್ಲೈವುಡ್ ಶೀಟ್ 8 ಅಡಿ, 4 ಅಡಿ. ಉದ್ದದ ಅಂಚಿನ ಮೇಲೆ ಗೋಡೆಗೆ ಒರಗಿಸಿದರೆ ನಾಲ್ಕಡಿವರೆಗೆ ಗೋಡೆ ಮುಚ್ಚಿಹೋಗುತ್ತೆ. ಸಾಕೆಟ್ಟಿನ ಕೆಳಅಂಚು ನಾಲ್ಕೂಕಾಲು ಅಡಿಯಲ್ಲಿ, ಅಂದರೆ 130 ಸೆಂಟಿಮೀಟರ್‌ನಲ್ಲಿ ಇಟ್ಟರೆ ಶೀಟ್ ನಿಂತಿದ್ದರೂ ಪ್ಲಗ್ ಹಾಕಬಹುದು, ಬೆಂಚಿನಿಂದ ಒಂದೂಕಾಲು ಅಡಿ ಮೇಲೂ ಇರುತ್ತೆ. ಎಲ್ಲ ಗೋಡೆಗೂ ಇದೇ ಎತ್ತರ ಇರಲಿ. ಬೆಂಚ್ ಮುಂದೊಂದು ದಿನ ಆಚೆ ಗೋಡೆಗೆ ಹೋದರೂ ಸಾಕೆಟ್ ಮೇಲೇ ಇರುತ್ತೆ.

ಬೆಂಚಿನ ಹತ್ತು ಅಡಿಗೆ ನಾಲ್ಕು ಬೋರ್ಡ್, ಎರಡೂವರೆ ಅಡಿಗೆ ಒಂದು. ಒಂದೊಂದರಲ್ಲಿ ಎರಡು ಸಾಕೆಟ್. 6 ಆಂಪಿನದು ಹಾಕಬೇಡಿ, 6 ಮತ್ತು 16 ಎರಡೂ ಪಿನ್ ಹಿಡಿಯುವ 16 ಆಂಪ್ ಸಾಕೆಟ್ ಹಾಕಿ. ಸಿ16 ಎಂಸಿಬಿ ಕೆಳಗೆ 6 ಆಂಪ್ ಸಾಕೆಟ್ ಇದ್ದರೆ ಅದು ಕರಗಿ ಕಪ್ಪಾಗುವವರೆಗೂ ಎಂಸಿಬಿಗೆ ಗೊತ್ತಾಗಲ್ಲ. ಬೋರ್ಡಿನೊಳಗೆ ಎರಡು ಸಾಕೆಟ್ ಮಧ್ಯೆ ಸ್ವಿಚ್ ಬರುವ ಹಾಗೆ ಜೋಡಿಸಿ. ಚಾರ್ಜರುಗಳ ತಲೆ ದಪ್ಪ, ಪಕ್ಕಪಕ್ಕ ಇದ್ದರೆ ಒಂದು ಹಾಕಿದ ಮೇಲೆ ಇನ್ನೊಂದಕ್ಕೆ ಜಾಗ ಇರಲ್ಲ.

ಎ ಮತ್ತು ಬಿ ಸರ್ಕ್ಯೂಟನ್ನು ಬೆಂಚಿನ ಎಡ ಅರ್ಧ, ಬಲ ಅರ್ಧ ಅಂತ ಹಂಚೋದು ರೂಢಿ. ಹಾಗೆ ಮಾಡಬೇಡಿ. ಎ, ಬಿ, ಎ, ಬಿ ಅಂತ ಒಂದು ಬಿಟ್ಟು ಒಂದು ಕೊಡಿ. 1800 ವ್ಯಾಟಿನ ರೂಟರ್ 8 ಆಂಪ್, 1200 ವ್ಯಾಟಿನ ವ್ಯಾಕ್ಯೂಮ್ 5 ಆಂಪ್, ಎರಡನ್ನೂ ಚುಚ್ಚೋದು ಅಕ್ಕಪಕ್ಕದ ಬೋರ್ಡಿಗೇ. ಸಾಲಾಗಿ ಹಂಚಿದರೆ ಯಾವಾಗಲೂ ಒಂದೇ ಎಂಸಿಬಿ ಮೇಲೆ ಭಾರ ಬೀಳುತ್ತೆ, ಇನ್ನೊಂದು ಖಾಲಿ ಕೂತಿರುತ್ತೆ. ಪ್ಲೇಟಿನ ಮೇಲೆ ಎರಡು ಬಣ್ಣದ ಸ್ಟಿಕ್ಕರ್ ಅಂಟಿಸಿ. ಮುಂದೆ ಮೂರು ಫೇಸ್ ಬಂದರೆ ಮಾತ್ರ ಈ ಎ ಮತ್ತು ಬಿ ಒಂದೇ ಫೇಸಿನಲ್ಲಿ ಉಳಿಯಬೇಕು. ಒಂದೇ ಬೆಂಚಿನ ಮೇಲೆ ಎರಡು ಫೇಸ್ ಬಂದರೆ ಅವುಗಳ ನಡುವೆ 400 ವೋಲ್ಟ್ ಇರುತ್ತೆ.

ಸ್ಯಾಂಡರ್, ರೂಟರ್ ಹಿಡಿದು ಕೆಲಸ ಮಾಡುವಾಗ ಗೋಡೆಯಿಂದ ಬರುವ ವೈರ್ ಮರದ ಮೇಲೆಯೇ ಎಳೆದಾಡುತ್ತೆ, ಅಂಚಿಗೆ ಸಿಕ್ಕಿ ಕೈ ಎಳೆಯುತ್ತೆ. ಬೆಂಚಿನ ಮೇಲೆ ಏಳಡಿ ಎತ್ತರದಲ್ಲಿ ಒಂದು ಸಾಕೆಟ್ ಇರಲಿ, ವೈರ್ ಮೇಲಿಂದ ಭುಜದ ಹಿಂದೆ ಬರುತ್ತೆ. ಇದಕ್ಕಾಗಿ ಬೆಂಚಿನ ಮುಂದಿನ ಪಟ್ಟಿಗೆ ಸಾಕೆಟ್ ಕೂರಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸೊಂಟ ಒರಗುವ ಜಾಗ ಅದು, ಕ್ಲ್ಯಾಂಪ್ ಬಿಗಿಯುವ ಜಾಗವೂ ಅದೇ.

ಉಳಿದ ಗೋಡೆಗಳಿಗೆ ಆರಡಿಗೆ ಒಂದು ಬೋರ್ಡ್ ಸಾಕು. ಹೆಚ್ಚಿನ ಉಪಕರಣಗಳ ವೈರ್ ಎರಡು ಮೀಟರ್ ಆಸುಪಾಸು, ಅಷ್ಟರಲ್ಲಿ ಮುಟ್ಟುತ್ತೆ. ಶಟರಿನ ಎರಡೂ ಬದಿ ಒಂದೊಂದು ಮರೆಯದೆ ಕೊಡಿ. ಹೊರಗೆ ಮರ ಕುಯ್ಯುವಾಗ ಬೇಕಾಗೋದು ಅದೇ.

ಕೊನೆಗೆ, ಕಾಂಕ್ರೀಟ್ ಹಾಕುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೆಂಚ್, ಕಾರು, ಸಾ ಎಲ್ಲ ನಿಜವಾದ ಅಳತೆಗೆ ಗೀಚಿ. ಎಂಟಡಿ ಶೀಟನ್ನು ಸಾ ಮೇಲೆ ತಳ್ಳಲು ಬ್ಲೇಡಿನ ಹಿಂದೆ ಎಂಟಡಿ, ಮುಂದೆ ಎಂಟಡಿ ಖಾಲಿ ಬೇಕು. 20 ಅಡಿಯಲ್ಲಿ ಸಾ ನಿಲ್ಲಬಹುದಾದ ಜಾಗ ಹೆಚ್ಚುಕಡಿಮೆ ಒಂದೇ ಅಂತ ಆಗ ಕಾಣುತ್ತೆ. ಪಾಯಿಂಟ್ ಅದಕ್ಕೆ ತಕ್ಕಂತೆ ಬರಬೇಕು.

---

ಹೊಸ_ಗ್ಯಾರೇಜ್

ತುಂಬಾ ಉಪಕಾರವಾಯಿತು. ಎರಡು ವಿಷಯ ಕೇಳಬೇಕು. ನೆಲದ ಸಾಕೆಟ್ ಬೇಡವೆಂದರೆ ಸಾಗೆ ಮೇಲಿನಿಂದ ಇಳಿಬಿಡಬೇಕೇ? ಮತ್ತೆ 200 ಆಂಪ್ ವೆಲ್ಡಿಂಗ್ ಮಷಿನ್ನಿಗೆ 32 ಆಂಪ್ ಹೇಗೆ ಸಾಲುತ್ತದೆ? ಅದರ ಜೊತೆ ಕೊಟ್ಟಿರುವ ಪ್ಲಗ್ 16 ಆಂಪಿನದೇ ಇದೆ.

---

ಮೋಟಾರು_ಲೆಕ್ಕ

200 ಆಂಪ್ ಎನ್ನುವುದು ರಾಡಿನ ಕಡೆಯದು, ಅಲ್ಲಿ ವೋಲ್ಟೇಜ್ ಕಡಿಮೆ. ರಾಡ್ ವೆಲ್ಡಿಂಗಿನಲ್ಲಿ ಆರ್ಕ್ ವೋಲ್ಟೇಜಿಗೆ ಸೂತ್ರ: 20 ಕೂಡಿಸು, ಆಂಪಿನ 0.04 ಪಟ್ಟು. 3.2 ಮಿಲಿಮೀಟರ್ ರಾಡಿಗೆ 120 ಆಂಪ್ ಇಟ್ಟರೆ 24.8 ವೋಲ್ಟ್, ಸುಮಾರು 3 ಕಿಲೋವ್ಯಾಟ್. ಮಷಿನ್ನಿನ ದಕ್ಷತೆ 0.82, ಪವರ್ ಫ್ಯಾಕ್ಟರ್ 0.68 ಹಿಡಿದರೆ ಗೋಡೆಯಿಂದ ಎಳೆಯುವುದು 23 ಆಂಪ್. ಇದೇ ಲೆಕ್ಕ 2.5 ಮಿಲಿಮೀಟರ್ ರಾಡಿಗೆ, 80 ಆಂಪಿಗೆ, 14-15 ಆಂಪ್ ಬರುತ್ತದೆ.

ಅಂದರೆ ಸಣ್ಣ ರಾಡಿಗೆ 16 ಆಂಪ್ ಸಾಕೆಟ್ ತಡೆಯುತ್ತದೆ. 3.2 ರಾಡಿಗೆ ತಡೆಯುವುದಿಲ್ಲ, ಹತ್ತು ನಿಮಿಷದಲ್ಲಿ ಪಿನ್ ಬಿಸಿಯಾಗುತ್ತದೆ, ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಪತರು ಕಾದು ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಕಾಯುತ್ತದೆ. ನೀಲಿ ಬಣ್ಣದ 32 ಆಂಪ್ ಮೂರು ಪಿನ್ನಿನ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ, ಪ್ಲಗ್ಗನ್ನೂ ಅದಕ್ಕೆ ಬದಲಿಸಿ. ಪೂರ್ತಿ 200 ಆಂಪಿಗೆ ಇಡುವ ಕೆಲಸವಿದ್ದರೆ 32 ಕೂಡ ಸಾಲದು, ನೇಮ್ ಪ್ಲೇಟಿನಲ್ಲಿ ಗರಿಷ್ಠ ಇನ್‌ಪುಟ್ ಕರೆಂಟ್ ಎಷ್ಟಿದೆ ನೋಡಿ. ವೆಲ್ಡಿಂಗ್ ನಡೆಯುವಾಗ ಸಾ ಓಡಿಸಬೇಡಿ, 40 ಆಂಪಿನ ಮುಖ್ಯ ಎಂಸಿಬಿ ಅದಕ್ಕೆ ತಕ್ಕಷ್ಟೇ ಇದೆ.

ಜಾಗ: ಶಟರಿನ ಪಕ್ಕ. ಹೊಗೆ ಹೊರಗೆ ಹೋಗಲಿಕ್ಕೆ ಅದು ಬೇಕು, ಡಸ್ಟ್ ಕಲೆಕ್ಟರ್ ಚೀಲದಿಂದ ಕಿಡಿ ದೂರ ಇರಲಿಕ್ಕೂ ಬೇಕು. ಮರದ ನುಣ್ಣನೆ ಹುಡಿಯೊಳಗೆ ಬಿದ್ದ ಕಿಡಿ ಗಂಟೆಗಟ್ಟಲೆ ಹೊಗೆಯಾಡದೆ ಕೂತು ಆಮೇಲೆ ಹೊತ್ತಿಕೊಳ್ಳಬಲ್ಲದು.

---

ಮರಗೆಲಸ_ಮೇಜು

ಸಾಗೆ ನೆಲದ ಸಾಕೆಟ್ ಬೇಡ ಅನ್ನೋದು ಖಚಿತ. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಡಬ್ಬಿಯೊಳಗೆ ಹೊಟ್ಟು ತುಂಬುತ್ತೆ. ನಿಮ್ಮಲ್ಲಂತೂ ಕಾರಿನ ಚಕ್ರವೂ ಮೇಲೆ ಹರಿಯುತ್ತೆ. ಸೀಲಿಂಗಿನಿಂದ ಇಳಿಬಿಡಿ, ತಲೆಗೆ ತಾಗದ ಹಾಗೆ ಏಳಡಿಯಲ್ಲಿ ನಿಲ್ಲಲಿ.

---

ಬೋರ್ಡು_ಬಸ್‌ಬಾರ್

ಸೀಲಿಂಗ್ ಸಲಹೆಗೆ ನನ್ನ ತಕರಾರಿದೆ. ಡ್ರಿಲ್, ಸ್ಯಾಂಡರ್‌ಗೆ ಮೇಲಿನಿಂದ ಬರುವುದು ಚೆನ್ನ. ಟೇಬಲ್ ಸಾಗೆ ಅಲ್ಲ. ಎಂಟಡಿ ಶೀಟನ್ನು ಎತ್ತಿ ತಿರುಗಿಸಿ ಮೇಜಿಗೆ ಹಾಕುವಾಗ ನೇತಾಡುವ ವೈರ್ ಅಡ್ಡ ಬರುತ್ತದೆ, ಪ್ಲಗ್ ಕಿತ್ತು ಬರುತ್ತದೆ.

ಅಳತೆಯನ್ನೇ ಇನ್ನೊಮ್ಮೆ ನೋಡಿ. ಗ್ಯಾರೇಜಿನ ಅಗಲ 12 ಅಡಿ. ನಟ್ಟನಡುವೆ ನಿಂತರೂ ಗೋಡೆ ಆರೇ ಅಡಿ ದೂರ. ಬಲಗೋಡೆಯಲ್ಲಿ, ಸಾ ನಿಲ್ಲುವ ನೇರಕ್ಕೆ, ನೆಲದಿಂದ ಎರಡಡಿ ಎತ್ತರದಲ್ಲಿ ಒಂದು ಸಾಕೆಟ್ ಕೊಡಿ. ಇದೊಂದು ಮಾತ್ರ ಕೆಳಗಿರಲಿ, ವೈರ್ ನೇರ ನೆಲಕ್ಕಿಳಿದು ಸಾ ಕಾಲಿನ ಕೆಳಗೆ ಹೋಗುತ್ತದೆ. ಸಾಗೆ 2.5 ಸ್ಕ್ವೇರ್ ಮೂರು ಕೋರಿನ ಬಳುಕುವ ಕೇಬಲ್ ನಾಲ್ಕು ಮೀಟರ್ ಹಾಕಿಸಿ. ನೆಲದ ಮೇಲೆ ಹಾದುಹೋಗುವ ಭಾಗಕ್ಕೆ ರಬ್ಬರ್ ಕೇಬಲ್ ಕವರ್. ಕೆಲಸ ಮಾಡುವವರು ನಿಲ್ಲುವುದು ಸಾ ಮುಂದೆ, ವೈರ್ ಬರುವುದು ಬದಿಯಿಂದ, ಕಾಲಿಗೆ ಸಿಗುವುದಿಲ್ಲ. ಸಂಜೆ ವೈರ್ ಸುತ್ತಿಟ್ಟರೆ ಕಾರಿಗೆ ದಾರಿ ಖಾಲಿ.

ಹಾಗಿದ್ದರೂ ಕಾಂಕ್ರೀಟ್ ಹಾಕುವಾಗ ಎಡಗೋಡೆಯಿಂದ ಬಲಗೋಡೆಗೆ 32 ಮಿಲಿಮೀಟರಿನ ಖಾಲಿ ಪೈಪ್ ಒಂದನ್ನು ನೆಲದಡಿ ಹಾಕಿಸಿ. ಒಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ತುದಿ ಮುಚ್ಚಿ. ಈಗ ಸುಲಭ, ಆಮೇಲೆ ನೆಲ ಒಡೆಯಬೇಕಾಗುತ್ತದೆ.

ಹಗ್ಗದಂತೆ ಸುತ್ತಿಕೊಳ್ಳುವ ಕೇಬಲ್ ರೀಲನ್ನು ಸೀಲಿಂಗಿಗೆ ತೂಗುಹಾಕುವ ಯೋಚನೆ ಬಂದರೆ ಒಂದು ಎಚ್ಚರ: ಸುತ್ತಿದ ಸ್ಥಿತಿಯಲ್ಲಿ ಶಾಖ ಹೊರಹೋಗಲು ದಾರಿಯಿಲ್ಲ. ರೀಲಿನ ಮೇಲೆ ಎರಡು ರೇಟಿಂಗ್ ಬರೆದಿರುತ್ತದೆ, ಸುತ್ತಿದಾಗಿನದು ತುಂಬಾ ಕಡಿಮೆ. ಹೀಟ್ ಗನ್ನಿನಂಥದ್ದನ್ನು ಅದಕ್ಕೆ ಹಾಕುವಾಗ ಪೂರ್ತಿ ಬಿಚ್ಚಬೇಕು.

ಈಗ ಆರ್‌ಸಿಸಿಬಿ, ಅಂದರೆ ಕರೆಂಟ್ ಅರ್ಥಿಗೆ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್. ಇದುವರೆಗೆ ಯಾರೂ ಹೇಳಿಲ್ಲ, ಆದರೆ ಪ್ರಾಣ ಉಳಿಸುವುದು ಇದೇ. ಎಂಸಿಬಿ ನೋಡುವುದು ಹೆಚ್ಚು ಕರೆಂಟನ್ನು, ಮೈಮೇಲೆ ಹಾದುಹೋಗುವ ಸಣ್ಣ ಕರೆಂಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕಾಂಕ್ರೀಟ್ ನೆಲ, ಲೋಹದ ಯಂತ್ರ, ಬ್ಲೇಡಿಗೆ ಸಿಕ್ಕಬಹುದಾದ ವೈರ್ ಇರುವ ಕಡೆ ಎಲ್ಲ ಸಾಕೆಟ್ಟಿಗೂ 30 ಮಿಲಿಆಂಪ್ ರಕ್ಷಣೆ ಬೇಕು. ಎಲ್ಲಕ್ಕೂ ಸೇರಿ ಒಂದೇ ಆರ್‌ಸಿಸಿಬಿ ಹಾಕಿದರೆ ಎರಡು ತೊಂದರೆ. ಒಂದು ಗ್ರೈಂಡರ್ ಸೋರಿದರೆ ಇಡೀ ಗ್ಯಾರೇಜ್ ಆರಿಹೋಗುತ್ತದೆ. ಇನ್ನೊಂದು, ಇನ್ವರ್ಟರ್ ವೆಲ್ಡಿಂಗ್ ಮಷಿನ್, ಚಾರ್ಜರ್‌ಗಳ ಫಿಲ್ಟರ್ ಒಂದೊಂದೂ ಮಾಮೂಲಿಯಾಗಿಯೇ ಒಂದೆರಡು ಮಿಲಿಆಂಪ್ ಅರ್ಥಿಗೆ ಬಿಡುತ್ತದೆ. 30 ಎಂದು ಬರೆದ ಆರ್‌ಸಿಸಿಬಿ 15 ದಾಟಿದರೆ ಬೀಳಲು ಸ್ವತಂತ್ರ. ಏಳೆಂಟು ಸೇರಿದರೆ ಕಾರಣವಿಲ್ಲದೆ ಬೀಳತೊಡಗುತ್ತದೆ. ಬೇಸತ್ತು ಕೊನೆಗೆ ಅದನ್ನು ಬೈಪಾಸ್ ಮಾಡುತ್ತಾರೆ, ಅಪಾಯ ಅಲ್ಲಿದೆ.

ಪ್ರತಿ ಸಾಕೆಟ್ ಸರ್ಕ್ಯೂಟಿಗೂ ಎಂಸಿಬಿ, ಆರ್‌ಸಿಸಿಬಿ ಎರಡೂ ಕೂಡಿದ ಆರ್‌ಸಿಬಿಒ ಹಾಕುವುದು ಅತಿ ಚೆನ್ನ. ಜಾಗ ಅಥವಾ ಹಣ ಸಾಲದಿದ್ದರೆ ಕನಿಷ್ಠ ಎರಡು ಆರ್‌ಸಿಸಿಬಿ: ಒಂದರ ಕೆಳಗೆ ಬೆಂಚ್ ಎ, ಸಾ, ಕಂಪ್ರೆಸರ್, ಇನ್ನೊಂದರ ಕೆಳಗೆ ಬೆಂಚ್ ಬಿ, ಡಸ್ಟ್ ಕಲೆಕ್ಟರ್, ವೆಲ್ಡಿಂಗ್, ಚಾರ್ಜರ್. ದೀಪ ಪ್ರತ್ಯೇಕ. ಎಸಿ ಟೈಪ್ ಬೇಡ, ಎ ಟೈಪ್ ಕೇಳಿ. ಸ್ಪೀಡ್ ಕಂಟ್ರೋಲ್ ಇರುವ ಉಪಕರಣದ ಸೋರಿಕೆ ಪೂರ್ಣ ಅಲೆಯಾಗಿರುವುದಿಲ್ಲ, ಎಸಿ ಟೈಪ್ ಅದನ್ನು ಗುರುತಿಸದೇ ಹೋಗಬಹುದು.

ಎರಡು ಆರ್‌ಸಿಸಿಬಿ ಹಾಕಿದಾಗ ಪದೇ ಪದೇ ಆಗುವ ತಪ್ಪು ನ್ಯೂಟ್ರಲ್ ಬೆರಕೆ. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿ ಒಂದು ಸಾಕೆಟ್ಟಿಗೆ ಹೋದರೆ ಪ್ಲಗ್ ಹಾಕಿದ ಕೂಡಲೇ ಎರಡೂ ಬೀಳುತ್ತವೆ. ಬೆಂಚಿನಲ್ಲಿ ಎ, ಬಿ ಒಂದೇ ಪೈಪಿನಲ್ಲಿ ಓಡುವುದರಿಂದ ನಿಮ್ಮಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ. ಡಿಬಿಯಲ್ಲಿ (ಎಂಸಿಬಿಗಳೆಲ್ಲ ಕೂರುವ ಪೆಟ್ಟಿಗೆಯಲ್ಲಿ) ಪ್ರತಿ ಆರ್‌ಸಿಸಿಬಿಗೂ ಬೇರೆ ನ್ಯೂಟ್ರಲ್ ಲಿಂಕ್ ಇರಲಿ, ವೈರಿನ ಎರಡೂ ತುದಿಗೆ ನಂಬರ್ ಟ್ಯಾಗ್ ಹಾಕಿಸಿ.

ಟೇಬಲ್ ಸಾಗೆ ಕರೆಂಟ್ ಹೋಗಿ ಬಂದಾಗ ತಾನಾಗಿ ಓಡದಂಥ ಸ್ವಿಚ್ ಇರಲೇಬೇಕು. ನೋ ವೋಲ್ಟ್ ಸ್ವಿಚ್ ಎಂದು ಕೇಳಿ, ಅಥವಾ ಡಿಒಎಲ್ ಸ್ಟಾರ್ಟರ್ (ಬಟನ್ ಒತ್ತಿದರೆ ಮೋಟಾರನ್ನು ನೇರ ಲೈನಿಗೆ ಸೇರಿಸುವ ಪೆಟ್ಟಿಗೆ) ಹಾಕಿ. ಮಾಮೂಲು ಸ್ವಿಚ್ ಇದ್ದರೆ, ಕರೆಂಟ್ ಹೋದಾಗ ಬ್ಲೇಡಿನ ಬಳಿ ಕೈಹಾಕಿ ಚೂರು ತೆಗೆಯುವ ಹೊತ್ತಿಗೇ ಕರೆಂಟ್ ಬರಬಹುದು. ಅದರ ಜೊತೆ ಕೆಂಪು ಅಣಬೆ ಆಕಾರದ ಎಮರ್ಜೆನ್ಸಿ ಬಟನ್ ಎರಡು, ಒಂದು ಸಾ ಬಳಿ ಮೊಣಕಾಲಿಗೆ ಎಟುಕುವಂತೆ, ಇನ್ನೊಂದು ಮನೆಯ ಬಾಗಿಲ ಪಕ್ಕ. ಎರಡರ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಕಾಂಟ್ಯಾಕ್ಟನ್ನೂ ಸರಣಿಯಲ್ಲಿ ಜೋಡಿಸಿ, ಯಂತ್ರಗಳ ಕರೆಂಟ್ ಕಡಿಯುವ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್) ಕಾಯಿಲ್ಲಿಗೆ ಕೊಡಿ. ವೈರ್ ಎಲ್ಲೇ ಕಡಿದರೂ ಯಂತ್ರ ನಿಲ್ಲುವ ಕಡೆಗೇ ಹೋಗಬೇಕು, ಎನ್‌ಸಿ ಹಾಕುವುದು ಅದಕ್ಕೇ. ಬಟನ್ ಬಿಡಿಸಿದರಷ್ಟೇ ಯಂತ್ರ ಹೊರಡಬಾರದು, ಬೇರೆ ಸ್ಟಾರ್ಟ್ ಬಟನ್ ಒತ್ತಿದ ಮೇಲೇ ಹೊರಡಬೇಕು. ದೀಪ ಈ ಕಾಂಟ್ಯಾಕ್ಟರಿನ ಹೊರಗಿರಲಿ. ಸಾಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಮಾತ್ರ ಸೀದಾ ಸಪ್ಲೈ ಕಡಿಯಬೇಡಿ. ಡಿಸಿ ಹಾಯಿಸಿ ನಿಲ್ಲಿಸುವ ಬ್ರೇಕಿಗೆ ಕರೆಂಟ್ ಬೇಕು. ಸಪ್ಲೈ ಕಡಿದರೆ ಬ್ಲೇಡ್ ಸೆಕೆಂಡುಗಟ್ಟಲೆ ಸುಮ್ಮನೆ ಸುತ್ತುತ್ತದೆ. ಅಂಥ ಯಂತ್ರದಲ್ಲಿ ಬಟನ್ನನ್ನು ಅದರ ಕಂಟ್ರೋಲ್ ಸರ್ಕ್ಯೂಟಿಗೆ ಸೇರಿಸಬೇಕು.

---

ಹೊಸ_ಗ್ಯಾರೇಜ್

ಎಲ್ಲವನ್ನೂ ಸೇರಿಸಿ ಹೊಸದಾಗಿ ಬರೆದಿದ್ದೇನೆ. ತಪ್ಪಿದ್ದರೆ ಹೇಳಿ.

ಎಡಗೋಡೆ: ಬೆಂಚಿನ ಮೇಲೆ 130 ಸೆಂಟಿಮೀಟರಿನಲ್ಲಿ ನಾಲ್ಕು ಬೋರ್ಡ್ (ಎ, ಬಿ, ಎ, ಬಿ), ಏಳಡಿಯಲ್ಲಿ ಒಂದು ಸಾಕೆಟ್ (ಬಿ), ಬೆಂಚ್ ಮುಗಿದ ಮೇಲೆ ಆರಡಿಗೆ ಒಂದು ಬೋರ್ಡ್ (ಎ). ಬಲಗೋಡೆ: ಹಿಂದಿನ ಮೂಲೆಯಲ್ಲಿ ಕಂಪ್ರೆಸರ್, ಅದರ ಪಕ್ಕ ಡಸ್ಟ್ ಕಲೆಕ್ಟರ್, ಮಧ್ಯದಲ್ಲಿ ಎರಡಡಿ ಎತ್ತರಕ್ಕೆ ಸಾ, ಮುಂದೆ ಶಟರ್ ಬಳಿ 32 ಆಂಪ್ ವೆಲ್ಡಿಂಗ್. ಶಟರಿನ ಎರಡೂ ಬದಿ ಒಂದೊಂದು (ಬಿ). ಡಿಬಿ ಬೆಂಚಿನ ಮೇಲೆ, ಕಪಾಟಿನ ಕೆಳಗೆ. ದೀಪ: ಮಧ್ಯದಲ್ಲಿ ನಾಲ್ಕಡಿಯ ಎರಡು ಎಲ್‌ಇಡಿ ಟ್ಯೂಬ್. ಪೈಪ್ ಎಲ್ಲವೂ ಗಾರೆಯೊಳಗೆ.

---

ಬೋರ್ಡು_ಬಸ್‌ಬಾರ್

ಸಾಕೆಟ್ ಹಂಚಿಕೆ ಚೆನ್ನಾಗಿದೆ. ಡಿಬಿ ಜಾಗ ಬದಲಿಸಿ. ಬೆಂಚಿನ ಮೇಲೆ ಬಾಗಿ ಕೈಚಾಚಿ ಎಂಸಿಬಿ ಹುಡುಕುವಂತಾಗಬಾರದು, ಹುಡಿ ಅತಿ ಹೆಚ್ಚು ಹಾರುವುದೂ ಅಲ್ಲೇ. ಮನೆಯ ಬಾಗಿಲ ಪಕ್ಕ, ಐದಡಿ ಎತ್ತರದಲ್ಲಿ, ಎದುರು ಮೂರಡಿ ಖಾಲಿ ಇರುವಂತೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ಹುಡಿ ಹೋಗದ ಪೆಟ್ಟಿಗೆ ಆರಿಸಿ. ಎಂಟು ಸರ್ಕ್ಯೂಟಿಗೆ, ಎರಡು ಆರ್‌ಸಿಸಿಬಿಗೆ, ಮೇನ್‌ಗೆ ಲೆಕ್ಕ ಹಾಕಿ ಮೇಲೆ ನಾಲ್ಕು ಜಾಗ ಖಾಲಿ ಉಳಿಯುವಷ್ಟು ದೊಡ್ಡದಿರಲಿ. ನಾಳೆ ಕಾರು ಬ್ಯಾಟರಿಯದಾದರೆ ಚಾರ್ಜರಿನ ಲೈನ್ ಮಾತ್ರ ಮುಖ್ಯ ಬೋರ್ಡಿನಿಂದಲೇ ಬೇರೆ ಬರಬೇಕು, ಈ 40 ಆಂಪಿನಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೆ ಒಂದು ಖಾಲಿ ಪೈಪ್ ಈಗಲೇ ಹಾಕಿ.

ಪೈಪ್ ಗಾರೆಯೊಳಗೆ ಬೇಕೆಂದರೆ ಮುಖ್ಯ ವೈರಿಗೆ ಮಾತ್ರ ಹಾಗೆ ಮಾಡಿ. ಗ್ಯಾರೇಜಿನ ಒಳಗೆ ಗೋಡೆಯ ಹೊರಗಡೆಯೇ 25 ಮಿಲಿಮೀಟರ್ ಪೈಪ್ ಓಡಿಸುವುದು ಲೇಸು. ವರ್ಕ್‌ಶಾಪಿನಲ್ಲಿ ಯಂತ್ರ ಬದಲಾಗುತ್ತದೆ, ಕಪಾಟು ಹೊಡೆಯಲು ಗೋಡೆ ಕೊರೆಯುತ್ತೀರಿ. ಕಣ್ಣಿಗೆ ಕಾಣುವ ಪೈಪಿಗೆ ಯಾರೂ ಡ್ರಿಲ್ ಇಡುವುದಿಲ್ಲ. ಒಳಗೇ ಹಾಕಿದರೆ ನೇರ ಮೇಲೆ ಕೆಳಗೆ ಅಥವಾ ಅಡ್ಡಡ್ಡ ಮಾತ್ರ, ಓರೆಯಾಗಿ ಎಲ್ಲೂ ಬೇಡ. ಗಾರೆಗೆ ಮುನ್ನ ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಪೈಪಿನ ಒಳಜಾಗದ 40 ಶೇಕಡಾಕ್ಕಿಂತ ಹೆಚ್ಚು ವೈರ್ ತುಂಬಬೇಡಿ.

---

ಮರಗೆಲಸ_ಮೇಜು

ಸಾ ಪಾಯಿಂಟ್ ಬಗ್ಗೆ ಬಸ್‌ಬಾರ್ ಅವರು ಹೇಳಿದ್ದೇ ಸರಿ, 12 ಅಡಿ ಅಗಲಕ್ಕೆ ಸೀಲಿಂಗ್ ಬೇಕಿಲ್ಲ.

ದೀಪ ಎರಡು ಸಾಲದು, ಜಾಗವೂ ತಪ್ಪು. ಮಧ್ಯದಲ್ಲಿ ಹಾಕಿದರೆ ಬೆಂಚಿಗೆ ಮುಖ ಮಾಡಿ ನಿಂತಾಗ ಬೆಳಕು ಬೆನ್ನಿಗೆ ಬೀಳುತ್ತೆ, ನಿಮ್ಮ ನೆರಳು ಗೆರೆಯ ಮೇಲೆ. ಬೆಂಚಿನ ಮುಂದಿನ ಅಂಚಿನ ನೇರಕ್ಕಿಂತ ಸ್ವಲ್ಪ ಒಳಗೆ, ಗೋಡೆ ಕಡೆಗೆ, ಎರಡು ಟ್ಯೂಬ್ ಸಾಲಾಗಿ. ಸಾ ನಿಲ್ಲುವ ಜಾಗಕ್ಕೆ ಎರಡು, ಬ್ಲೇಡಿನ ಎಡಬಲಕ್ಕೆ ಒಂದೊಂದು. ಶಟರ್ ಸುತ್ತಿಕೊಳ್ಳುವ ಡ್ರಮ್ ಎಷ್ಟು ಕೆಳಗೆ ಬರುತ್ತೆ ನೋಡಿಕೊಂಡು ಮುಂದಿನ ಟ್ಯೂಬ್ ಹಿಂದಕ್ಕೆ ಸರಿಸಿ. ಹಳೇ ಚೋಕ್ ಟ್ಯೂಬ್‌ಲೈಟ್ ಮಾತ್ರ ಬೇಡ. 50 ಹರ್ಟ್ಜ್ ಕರೆಂಟಿಗೆ ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ತಿರುಗುವ ಬ್ಲೇಡ್ ನಿಂತಂತೆ ಅಥವಾ ನಿಧಾನವಾಗಿ ಹಿಂದಕ್ಕೆ ಹೋಗುವಂತೆ ಕಾಣಬಹುದು. ಮಿನುಗದ ಡ್ರೈವರ್ ಇರುವ ಎಲ್‌ಇಡಿ ತಗೊಳ್ಳಿ.

---

ಮೋಟಾರು_ಲೆಕ್ಕ

ಕಂಪ್ರೆಸರ್ ಬಗ್ಗೆ ಒಂದು ಮಾತು. ಅದರ ಪ್ರೆಶರ್ ಸ್ವಿಚ್ ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಎಬ್ಬಿಸುತ್ತದೆ. ರಾತ್ರಿ ಹೋಸ್ ಸೋರಿದರೆ ಬೆಳಗಿನವರೆಗೂ ಓಡುತ್ತದೆ. ಅದರ ಬೋರ್ಡಿನಲ್ಲಿ ಇಂಡಿಕೇಟರ್ ದೀಪವಿರುವ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್ ಹಾಕಿ, ಮನೆಯೊಳಗೆ ಹೋಗುವ ಬಾಗಿಲ ಬಳಿಯಿಂದ ದೀಪ ಕಾಣುವಂತೆ. ನಿಮ್ಮ ನಕ್ಷೆಯಲ್ಲಿ ಅದು ಹಿಂದಿನ ಮೂಲೆಯಲ್ಲೇ ಇರುವುದರಿಂದ ಸುಲಭ.

ಕೆಲಸ ಮುಗಿದ ದಿನ ಎಲೆಕ್ಟ್ರಿಷಿಯನ್ ಹೊರಡುವ ಮೊದಲು ಈ ಕ್ರಮದಲ್ಲಿ ಪರೀಕ್ಷೆ ಮಾಡಿಸಿ. ಮೇನ್ ಬಂದ್ ಇರುವಾಗ ಮೊದಲು ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಡಿಬಿಯ ಅರ್ಥ್ ಪಟ್ಟಿಯವರೆಗೆ ನಿರಂತರತೆ. ಆಮೇಲೆ 500 ವೋಲ್ಟ್ ಮೆಗ್ಗರ್ ಪರೀಕ್ಷೆ (ವೈರಿನ ಹೊದಿಕೆಯ ತಡೆ ಅಳೆಯುವುದು), ಚಾರ್ಜರ್, ಎಲ್‌ಇಡಿ, ಆರ್‌ಸಿಬಿಒ ಎಲ್ಲ ಬಿಡಿಸಿ. 1 ಮೆಗಾ ಓಮ್ ಕನಿಷ್ಠ, ಹೊಸ ವೈರಿಂಗ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸಬೇಕು. ಒಂದೆರಡು ಮಾತ್ರ ತೋರಿಸಿದರೆ ಎಲ್ಲೋ ವೈರಿನ ಹೊದಿಕೆ ಪೈಪಿನ ಬಾಯಿಗೆ ಉಜ್ಜಿ ಹರಿದಿದೆ, ಅಥವಾ ಪೈಪಿನಲ್ಲಿ ನೀರಿದೆ. ಮೇನ್ ಹಾಕಿದ ಮೇಲೆ ಫೇಸ್ ಬಲಗಡೆ ಇದೆಯೇ, ಸ್ವಿಚ್ ಫೇಸನ್ನೇ ಕಡಿಯುತ್ತದೆಯೇ, ಆರ್‌ಸಿಸಿಬಿ ಟೆಸ್ಟ್ ಬಟನ್ನಿಗೆ ಬೀಳುತ್ತದೆಯೇ ನೋಡಿ. ಕಟ್ಟಕಡೆಗೆ ಸಾ, ಡಸ್ಟ್ ಕಲೆಕ್ಟರ್ ಎರಡನ್ನೂ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಪ್ಲಗ್ ಕಿತ್ತು ಪಿನ್ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಮೇನ್ ತೆಗೆದು ಆ ಸಾಕೆಟ್ಟಿನ ಹಿಂದಿನ ಸ್ಕ್ರೂ ಬಿಗಿ ಮಾಡಿಸಿ. ಮೂರು ತಿಂಗಳಾದ ಮೇಲೆ ಯಂತ್ರಗಳ ಎಲ್ಲ ಸಾಕೆಟ್ಟಿನ ಸ್ಕ್ರೂಗಳನ್ನು ಇನ್ನೊಂದು ಸಲ ಬಿಗಿ ನೋಡಬೇಕು. ಯಂತ್ರದ ಅದುರುವಿಕೆಗೂ ತಾಮ್ರ ಕಾದು ಆರುವುದಕ್ಕೂ ಅವು ಸಡಿಲವಾಗುತ್ತವೆ.

---

ಹೊಸ_ಗ್ಯಾರೇಜ್

ಡಿಬಿಯನ್ನು ಬಾಗಿಲ ಪಕ್ಕಕ್ಕೆ, ದೀಪವನ್ನು ಬೆಂಚಿನ ಅಂಚಿಗೆ ಸರಿಸಿದೆ. ಒಳಗಿನ ಪೈಪ್ ಹೊರಗಡೆಯೇ ಓಡಿಸುತ್ತೇವೆ. ಒಂದು ಅನುಮಾನ ಉಳಿದಿದೆ: ಶಟರ್ ಮೋಟಾರ್ ಎಮರ್ಜೆನ್ಸಿ ಕಾಂಟ್ಯಾಕ್ಟರಿನ ಒಳಗೆ ಬರಬೇಕೇ, ಹೊರಗೆ ಇರಬೇಕೇ?

---

ಬೋರ್ಡು_ಬಸ್‌ಬಾರ್

ಹೊರಗೆ. ಬೆಂಕಿ, ಹೊಗೆ ಎಂದು ಬಟನ್ ಒತ್ತಿದಾಗಲೇ ಶಟರ್ ತೆರೆಯಬೇಕಾಗಿ ಬರುವುದು. ಅದಕ್ಕೇ ಎಂಟನೇ ಸರ್ಕ್ಯೂಟನ್ನು ದೀಪದ ಜೊತೆ ಕಾಂಟ್ಯಾಕ್ಟರಿನ ಮೊದಲೇ ಕವಲೊಡೆಯಬೇಕು. ಕೈಯಿಂದ ತಿರುಗಿಸುವ ಚೈನ್ ಅಥವಾ ಹ್ಯಾಂಡಲ್ ಇರುವ ಶಟರ್ ಮೋಟಾರನ್ನೇ ಆರಿಸಿ, ಅದರ ಕೆಳಗೆ ಪ್ಲೈವುಡ್ ಒರಗಿಸಬೇಡಿ.